ವಸಂತಕ್ಕನಿಗೆ ಎರಡನೇ ನಂಬರು

ಬೈದ್ಬಿಡಿ ಅಕ್ಕ. ಒಂದ್ಸಲ ಬಾಯ್ತುಂಬ ಬೈದ್ಬಿಡಿ, ನಂಗೂ ಸಮಾಧಾನ ಆಗುತ್ತೆ. ಹಿಂಗೆ ತಲೆ ಬಗ್ಗಿಸ್ಕೊಂಡು ಅವರೇಕಾಳು ಹಿತಕ್ತಾ ಕೂತ್ರೆ ನಾನೇನು ಅಂದ್ಕೊಳ್ಳಿ? ನಾನು ಬಂದು ಅರ್ಧ ಗಂಟೆ ಆಯ್ತು. "ಬಾ ಹೇಮಾ" ಅಂದಿದ್ದು ಬಿಟ್ರೆ ಇನ್ನೊಂದು ಮಾತಿಲ್ಲ! ಕೊಡಿ ಇಲ್ಲಿ, ಆ ಪಾತ್ರೆ ಮಧ್ಯಕ್ಕಿಡಿ, ನಾನೂ ಹಿತಕ್ತೀನಿ. ಯಾಕೆ ಕೈ ಅಡ್ಡ ಇಡ್ತೀರಾ? ಸೀರೆ ನೆನೆಯುತ್ತೆ ಅಂತಾನಾ? ನೆನೀಲಿ ಬಿಡಿ. ಭಾನುವಾರ ಇವತ್ತು, ಸ್ಕೂಲಿಲ್ಲ ನಂಗೆ.

ನಿನ್ನೆ ನೀವು ಹೋಗಿ ಆ ಶಿವರಾಜ್‌ಗೆ ಕೈ ಮುಗಿದ್ರಲ್ಲ... "ಒಳ್ಳೇದಾಗ್ಲಿ ಕಣಪ್ಪ, ಚೆನ್ನಾಗಿ ನಡ್ಸು ಅಸೋಸಿಯೇಷನ್ನು" ಅಂತ. ಆ ಮನುಷ್ಯ ಮತ್ತೆ ಪ್ರೆಸಿಡೆಂಟಾಗಿ ಒಂದು ರಾತ್ರಿ ಕಳೆದಿಲ್ಲ, ಬೆಳಿಗ್ಗೆ ಏಳಕ್ಕೇ ಗ್ರೂಪಲ್ಲಿ ಮೆಸೇಜು. ನೋಡಿದ್ರಾ? ನಾಳೆ ಮೇಸ್ತ್ರಿ ಬರ್ತಾನಂತೆ. ಹಿಂದಿನ ಗೇಟು ಕಿತ್ತು ಗೋಡೆ ಎತ್ತೋದಂತೆ. ಸೆಕ್ಯುರಿಟಿಗಂತೆ! ಐದು ನಿಮಿಷಕ್ಕೆ ಮೂವತ್ತು ಜನ ಹೆಬ್ಬೆರಳು ಒತ್ತಿದಾರೆ ಅದಕ್ಕೆ.

ಆ ಗೇಟಿಂದ ಎಷ್ಟು ಹೆಜ್ಜೆ ಅಕ್ಕ, ನಿಮ್ಮ ಯಜಮಾನ್ರು ಗೋಪಾಲಣ್ಣನ ಸಮಾಧಿಗೆ? ಐವತ್ತು? ಐವತ್ತೂ ಇಲ್ಲ. ಇನ್ಮೇಲೆ ಮುಂದಿನ ಗೇಟಿಂದ ಹೊರಟು, ರಿಂಗ್ ರೋಡಿಗೆ ಹೋಗಿ, ಬ್ರಿಡ್ಜ್ ಕೆಳಗೆ ತಿರುಗಿ, ದೊಡ್ಡನೆಕ್ಕುಂದಿ ಊರೊಳಗಿಂದ ಸುತ್ತಿ ಬರ್ಬೇಕು. ಈ ಮಂಡಿ ಇಟ್ಕೊಂಡು! ಒಂದು ದೀಪ ಹಚ್ಚೋಕೆ! ಈ ಬಿಲ್ಡಿಂಗ್ ನಿಂತಿರೋದೇ ನಿಮ್ಮ ರಾಗಿ ಹೊಲದ ಮೇಲೆ. ಅವತ್ತು ಬಿಲ್ಡರ್ರು "ದಾರಿ ಬಿಡ್ತೀವಮ್ಮ" ಅಂತ ಬಾಯಲ್ಲಿ ಹೇಳ್ದ, ನೀವು ಬಾಯಲ್ಲೇ ನಂಬಿದ್ರಿ.

ಸುಮ್ನೆ ಕೂತಿಲ್ಲ ಅಕ್ಕ ನಾನು. ಎಂಟು ಗಂಟೆಗೇ ಶಿವರಾಜ್ ಮನೆಗೆ ಹೋದೆ. "ಒಂದು ಸಣ್ಣ ಬಾಗ್ಲಾದ್ರೂ ಬಿಡಿ ಸಾರ್, ಬೀಗ ಹಾಕಿ, ಕೀ ವಸಂತಕ್ಕನ ಹತ್ರ ಇರ್ಲಿ" ಅಂದೆ. ಏನಂದ್ರು ಗೊತ್ತಾ? "ಮೇಡಂ, ಎಲೆಕ್ಷನ್ ರೂಲ್ಸು ನಿಮ್ದೇ, ಎಣಿಸಿದ್ದೂ ನೀವೇ, ಈಗ ನೀವೇ ಹಿಂಗಂದ್ರೆ ಹೆಂಗೆ?" ಅಂತ. ಕಾಫಿ ಕೊಡ್ಲಾ ಅಂತ ಬೇರೆ ಕೇಳಿದ್ರು. ನಗ್ತಾ ನಗ್ತಾ ಕಳಿಸ್ಬಿಟ್ರು ಅಕ್ಕ.

ನಿಜಾನೇ ಅಲ್ವಾ ಅವ್ರು ಅಂದಿದ್ದು? ರೂಲ್ಸು ನಂದೇ. ಹೋದ ವರ್ಷ ಅವ್ರ ವಿರುದ್ಧ ಇಬ್ರು ನಿಂತು, ಓಟು ಒಡೆದು, ಅರ್ಧಕ್ಕಿಂತ ಕಮ್ಮಿ ಓಟಲ್ಲಿ ಆ ಮನುಷ್ಯ ಗೆದ್ದಾಗ ಮೀಟಿಂಗಲ್ಲಿ ಎದ್ದು ಕೂಗಾಡಿದ್ದು ಯಾರು? ನಾನು. ನಮ್ಮ ಟೀಚರ್ಸ್ ಎಲೆಕ್ಷನ್ನಲ್ಲಿ ಒಂದು, ಎರಡು, ಮೂರು ಅಂತ ನಂಬರ್ ಹಾಕ್ತೀವಲ್ಲ, ಹಂಗೇ ಇಲ್ಲೂ ಮಾಡೋಣ, ಯಾರ ಓಟೂ ದಂಡ ಆಗಲ್ಲ, ಮೊದಲನೇವ್ರು ಬರದಿದ್ರೆ ಎರಡನೇವ್ರಿಗೆ ಹೋಗುತ್ತೆ ಅಂತ ಬಡ್ಕೊಂಡಿದ್ದು ನಾನು. ನಿಮ್ಮನ್ನ ನಿಲ್ಲಿಸಿದ್ದೂ ನಾನೇ. ನೀವು ಬೇಡ ಬೇಡ ಅಂದ್ರಿ. "ನಂಗೆ ಆ ಗೇಟೊಂದಿದ್ರೆ ಸಾಕು ಕಣಮ್ಮ" ಅಂದ್ರಿ. ಗೇಟು ಉಳೀಬೇಕು ಅಂದ್ರೆ ನೀವೇ ನಿಲ್ಬೇಕು ಅಂತ ನಾನು ಹಟ ಹಿಡಿದೆ.

ಕ್ಲಬ್‌ಹೌಸಲ್ಲಿ ಮಕ್ಕಳ ಕೈಲಿ ಓಟು ಹಾಕಿಸಿ ತೋರಿಸಿದ್ದು ನೆನಪಿದ್ಯಾ? ದೋಸೆ, ಇಡ್ಲಿ, ಉಪ್ಪಿಟ್ಟು. ಉಪ್ಪಿಟ್ಟು ಮೊದಲು ಹೊರಗೆ ಹೋಯ್ತು, ಅದರ ಓಟೆಲ್ಲ ಇಡ್ಲಿಗೆ ಬಂತು, ಇಡ್ಲಿ ಗೆದ್ದುಬಿಡ್ತು. ಎಲ್ರೂ ಚಪ್ಪಾಳೆ! ಆದ್ರೆ ನಿನ್ನೆ ಏನಾಯ್ತು? ಇಡ್ಲಿ ಆಗ್ಬೇಕಿದ್ದ ನೀವು ಉಪ್ಪಿಟ್ಟಾಗ್ಬಿಟ್ರಿ ಅಕ್ಕ. ಯಾರಿಗೂ ಬೇಡ ಅಂತಿಲ್ಲ, ಎಲ್ರಿಗೂ ಇಷ್ಟಾನೇ, ಆದ್ರೆ ಮೊದಲು ಬೇಕು ಅನ್ನೋರೇ ಕಮ್ಮಿ... ಯಾಕೆ ನಗ್ತೀರಾ? ನಗಿ, ನಗಿ ಪರವಾಗಿಲ್ಲ. ನಕ್ಕಿದ್ದಾದ್ರೂ ನೋಡಿದ್ನಲ್ಲ.

ಬೆಳಿಗ್ಗೆಯಿಂದ ಲಿಫ್ಟಲ್ಲಿ ಯಾರು ಸಿಕ್ಕಿದ್ರೂ ಅದೇ ಮಾತು. "ಅಯ್ಯೋ, ವಸಂತಮ್ಮನಿಗೆ ನಮ್ಮ ಓಟಿತ್ತು ಮೇಡಂ!" ಅಂತ. ಸುಳ್ಳಲ್ಲ. ಇತ್ತು. ಎರಡನೇ ನಂಬರಿತ್ತು! ಮೊದಲನೇ ಸುತ್ತಲ್ಲಿ ಶಿವರಾಜ್‌ಗೆ ಮೂವತ್ನಾಲ್ಕು, ಮೂರನೇ ಕ್ಯಾಂಡಿಡೇಟು ನಮ್ಮ ಚನಬಸಪ್ಪನವ್ರಿಗೆ ಇಪ್ಪತ್ಮೂರು, ನಿಮ್ಗೆ ಇಪ್ಪತ್ತೆರಡು. ಕಡೆಗಿರೋರು ಮೊದಲು ಹೊರಗೆ. ನೀವು ಹೊರಗೆ ಹೋದ್ಮೇಲೆ ಮುಗೀತು, ನಿಮಗೆ ಬಂದ ಎರಡನೇ ನಂಬರನ್ನ ಯಾರೂ ಎಣಿಸೋದೇ ಇಲ್ಲ. ನಿಮ್ಮ ಚೀಟಿಗಳು ಅವ್ರಿಬ್ರಿಗೂ ಅರ್ಧರ್ಧ ಹಂಚಿ ಹೋಗಿ ಶಿವರಾಜ್ ಗೆದ್ರು. ಎಲ್ಲ ಮುಗಿದ ಮೇಲೆ ಚನಬಸಪ್ಪನವ್ರ ಕಟ್ಟು ಬಿಚ್ಚಿ ನೋಡ್ದೆ. ಇಪ್ಪತ್ಮೂರರಲ್ಲಿ ಇಪ್ಪತ್ತೊಂದು ಚೀಟೀಲಿ ಎರಡನೇ ನಂಬರು ನಿಮ್ದು. ಅವ್ರು ಹೊರಗೆ ಹೋಗಿದ್ರೆ ಅಷ್ಟೂ ನಿಮಗೆ ಬಂದು ಶಿವರಾಜ್ ಮನೇಲಿ ಕೂರ್ತಿದ್ರು. ಒಂದು ಓಟು ಅಕ್ಕ! ಅದ್ರಲ್ಲಿ ಒಬ್ರು, ಒಬ್ರೇ ಒಬ್ರು, ನಂಬರು ಅದಲು ಬದಲು ಮಾಡಿದ್ರೆ ಅವ್ರಿಗೆ ಇಪ್ಪತ್ತೆರಡು, ನಿಮ್ಗೆ ಇಪ್ಪತ್ಮೂರು.

ಆ ಮೂರನೇ ಮಹಡಿ ಸಿದ್ದರಾಮಪ್ಪ ಬೇರೆ! ಮೂರೂ ಹೆಸರಿಗೆ ರೈಟ್ ಮಾರ್ಕ್ ಹಾಕಿ ಚೀಟಿ ಕೆಡಿಸಿದಾರೆ. ಯಾರಿಗೂ ಬೇಜಾರಾಗ್ಬಾರ್ದಂತೆ... ಏನು ಜನಾನೋ!

ಏನು ಹಂಗೆ ನೋಡ್ತೀರಾ? ಸಿದ್ದರಾಮಪ್ಪನಿಗೆ ಯಾಕೆ ಬೈತೀಯಾ ಅಂತಾನಾ? ಸರಿ... ಹೇಳ್ತೀನಿ. ಇದೊಂದು ಹೇಳ್ಬೇಕು ಅಂತಾನೇ ಬಂದೆ. ತಪ್ಪು ನಂದೇ ಅಕ್ಕ. ಮನೆ ಮನೆಗೆ ಹೋದಾಗ ಜನ ಏನಂತಿದ್ರು? "ವಸಂತಮ್ಮನಿಗೆ ಹಾಕೋ ಮನಸ್ಸಿದೆ ಮೇಡಂ, ಆದ್ರೆ ಚನಬಸಪ್ಪನವ್ರು ದೊಡ್ಡೋರು, ಗಂಡ ಹೆಂಡ್ತಿ ಮನೆಗೆ ಬಂದು ಕೇಳಿದಾರೆ, ಮುಲಾಜು" ಅಂತಿದ್ರು. ನಾನು ಏನಂದೆ ಗೊತ್ತಾ? "ಅದಕ್ಕೇನಂತೆ? ಮುಲಾಜಿರೋರಿಗೆ ಒಂದು ಹಾಕಿ, ಮನಸ್ಸಲ್ಲಿರೋರಿಗೆ ಎರಡು ಹಾಕಿ. ತಲುಪುತ್ತೆ" ಅಂದೆ. ತಲುಪುತ್ತೆ ಅಂದ್ಬಿಟ್ಟೆ ಅಕ್ಕ! ಚನಬಸಪ್ಪನವ್ರು ಹೆಂಗೂ ಕಡೇಗೆ ಬರ್ತಾರೆ ಅಂತ ನಾನೇ ಲೆಕ್ಕ ಹಾಕ್ಕೊಂಡಿದ್ದೆ. ಪಾಠ ಹೇಳ್ಕೊಟ್ಟೋಳೇ ತಪ್ಪು ಹೇಳ್ಕೊಟ್ಟೆ. ಬೇರೆಯವ್ರಿಗೆ.

ನಾನಲ್ಲ ಮತ್ತೆ! ನಾನು ಹಂಗೆ ಮಾಡ್ತೀನಾ? ಚನಬಸಪ್ಪನವ್ರು ನಮ್ಮ ಹರಿಹರದೋರು, ನಿಜ. ಅಮ್ಮ ಆಸ್ಪತ್ರೇಲಿದ್ದಾಗ ಹನ್ನೊಂದು ದಿನ ಅವ್ರ ಮನೆಯಿಂದಾನೇ ಬುತ್ತಿ ಬರ್ತಿತ್ತು, ಅದೂ ನಿಜ. ನಿನ್ನೆ ಬೆಳಿಗ್ಗೆ ಬಾಗಿಲಿಗೆ ಬಂದು "ನಮ್ಮೂರ ಮಗಳು ನೀನು, ನಿನ್ನ ಹತ್ರ ಕೇಳೋದೇನಿದೆ" ಅಂದ್ರು... ಆದ್ರೂ ನಾನು ನಿಮಗೇ ಹಾಕ್ದೆ. ನಿಮ್ಮ ಹೆಸರ ಮುಂದೆ ದಪ್ಪಗೆ ಒಂದು ಅಂತ. ಕನ್ನಡ ಅಂಕೀಲೇ, ನಂಗೆ ಬೇರೆ ಅಂಕಿ ಬರೆಯೋಕೆ ಕೈಯೇ ಓಡಲ್ವಲ್ಲ.

ಆ ಕ್ಯಾಲೆಂಡರ್ ಯಾಕೆ ನೋಡ್ತಿದ್ದೀರಾ? ಸೋಮವಾರ ನಾಳೇನೇ ಅಕ್ಕ, ನೋಡಿದ್ರೆ ಮುಂದಕ್ಕೆ ಹೋಗಲ್ಲ. ಅದೇನು ಬರ್ಕೊಂಡಿದ್ದೀರಾ ಪಕ್ಕದಲ್ಲಿ? ಮಂಡಿ ಡಾಕ್ಟ್ರು ೧೦ಕ್ಕೆ... ಗ್ಯಾಸ್ ಬಂದಿದ್ದು ೧೨. ಎಷ್ಟು ಗುಂಡಗಿದೆ ನೋಡಿ ನಿಮ್ಮ ಎರಡು! "ಈ ಎಂಬತ್ತು ಮನೇಲಿ ಹಿಂಗೆ ಕನ್ನಡ ಅಂಕಿ ಬರೆಯೋರು ಇಬ್ರೇ ಕಣಮ್ಮ, ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಾನು, ಸ್ಕೂಲಲ್ಲಿ ಕನ್ನಡ ಕಲಿಸೋ ನೀನು" ಅಂತ ನೀವೇ ಎಷ್ಟು ಸಲ...

ಇಬ್ರೇ...

ಅಕ್ಕ, ಇಲ್ಲಿ ನೋಡಿ. ಕ್ಯಾಲೆಂಡರ್ ಬಿಡಿ, ನನ್ನ ನೋಡಿ. ನಿನ್ನೆ ಎಣಿಸುವಾಗ ನೀವು ಮುಂದಿನ ಸಾಲಲ್ಲೇ ಕೂತಿದ್ರಲ್ವಾ. ಒಂದೊಂದೇ ಚೀಟಿ ಎತ್ತಿ ಎಲ್ರಿಗೂ ತೋರಿಸಿ ಇಡ್ತಿದ್ದೆ. ಕನ್ನಡ ಅಂಕಿಯದ್ದು ಒಂದು ಬಂತು, ನಿಮ್ದು, ನಿಮ್ಮ ಕಟ್ಟಿಗೇ ಹೋಯ್ತು. ಆಮೇಲೆ... ಇನ್ನೊಂದು ಬಂತು. ಅದನ್ನ ಎತ್ತಿದೋಳು ಬೇಗ ಚನಬಸಪ್ಪನವ್ರ ಕಟ್ಟಿಗೆ ಇಳಿಸ್ಬಿಟ್ಟೆ. ನಿಮಗೆ ಕನ್ನಡಕ ಇರ್ಲಿಲ್ಲ... ಇತ್ತಾ? ಹಾಕ್ಕೊಂಡಿದ್ರಿ. ಹೌದು, ಹಾಕ್ಕೊಂಡಿದ್ರಿ.

ಇಲ್ಲ ಅನ್ನಿ ಅಕ್ಕ. ನಾನೇನೂ ನೋಡ್ಲಿಲ್ಲ ಕಣಮ್ಮ ಅಂತ ಒಂದು ಸಲ ಅನ್ನಿ. ಯಾಕೆ ಕೈ ನಿಲ್ಲಿಸಿದ್ರಿ?

ಹನ್ನೊಂದು ದಿನದ ಬುತ್ತಿ ಅಕ್ಕ... ಓಟು ಹಾಕೋಕೆ ಚೀಟಿ ಕೈಗೆ ಬಂದಾಗ ಅವ್ರ ಮುಖಾನೇ ಕಣ್ಮುಂದೆ ಬಂತು. ಅವ್ರಿಗೆ ಒಂದು, ನಿಮಗೆ ಎರಡು ಹಾಕಿದ್ರೂ ನಿಮಗೇ ಬರುತ್ತೆ ಅಂದ್ಕೊಂಡೆ. ನಾನೊಬ್ಳು ಹಾಕದಿದ್ರೆ ಏನು ಮಹಾ ಅಂದ್ಕೊಂಡೆ. ಒಂದೇ ಓಟಲ್ಲಿ ಹೋಗುತ್ತೆ ಅಂತ ಯಾರಿಗೆ ಗೊತ್ತಿತ್ತು! ನಿನ್ನೆಯಿಂದ ಗೊತ್ತಿತ್ತಾ ನಿಮ್ಗೆ? ಗೊತ್ತಿದ್ದೂ "ಬಾ ಹೇಮಾ" ಅಂದ್ರಾ? ಅರ್ಧ ಗಂಟೆ ನನ್ನ ಸುಳ್ಳು ಕೇಳ್ತಾ ಕೂತಿದ್ರಾ?

ಎಲ್ಲಿಗೆ ಎದ್ರಿ... ಎಣ್ಣೆ ಬಾಟ್ಲು. ಬತ್ತಿ. ಹೂಂ, ಇವತ್ತೊಂದಿನ ಗೇಟಿದೆ. ನಾನೂ ಬರ್ತೀನಿ ಅಕ್ಕ. ಇಳಿಜಾರಿದೆ ಅಲ್ಲಿ, ಕೈ ಹಿಡ್ಕೋತೀನಿ. ಬೇಡ್ವಾ? ದೂರ ನಿಂತಿರ್ತೀನಿ, ಗೇಟಿನ ಹತ್ರಾನೇ ನಿಂತಿರ್ತೀನಿ. ಅಕ್ಕ... ಬರ್ಬೇಡ ಅಂತಾನಾದ್ರೂ ಒಂದು ಮಾತು ಅನ್ನಿ.