ಮುಚ್ಚಿದ್ರೂ ಸೋರ್ತಿದ್ದ ವಾಲ್ವು

ಅಲ್ಲ ತಮಾ, ಪೆಟ್ರೋಲ್ ಬಂಕಿನ ಕೆಲ್ಸ ಅಲ್ಲ, ವಾಸ್ನೆ ಮಾತ್ರ ಹಂಗೇ. ಅದು ಮುರುಗಲ ಹಣ್ಣಿನ ಬೀಜದಿಂದ ಎಣ್ಣೆ ತೆಗಿಯೋ ಕಾರ್ಖಾನೆ. ಹೊನ್ನಾವರದ ಹೊಳೆಗೆ ಈಚೆ, ಅಂದ್ರೆ ನಮ್ಮ ಶಿರಾಲಿ ಬದಿಗೆ, ದಡದ ಮೇಲೇ ಇತ್ತು. ಪೇಟೆ, ಆಸ್ಪತ್ರೆ ಎಲ್ಲ ಆಚೆ ದಡಕ್ಕೆ. ಸೇತುವೆ ಇರ್ಲಿಲ್ಲ ಆಗ, ಲಾಂಚಿನ ಮೇಲೇ ದಾಟ್ಬೇಕು. ನಂಗೆ ಆಗ ಇಪ್ಪತ್ತು... ಇಲ್ಲ ಇಲ್ಲ, ಇಪ್ಪತ್ತೆರಡು ಇರ್ಬೇಕು, ಮೆಟ್ರಿಕ್ ಫೇಲಾಗಿ ಮನೇಲಿ ಬಿದ್ಕಂಡಿದ್ದೆ. ನನ್ನ ಅಕ್ಕನ ಗಂಡ ವೆಂಕಟ್ರಮಣ ಭಾವ ಅಲ್ಲಿ ಫಿಟ್ಟರ್ ಕೆಲ್ಸಕ್ಕಿದ್ದ. ಮುಟ್ಟಳ್ಳಿಯವ. ಒಂದಿನ ಬಂದು, "ಹೆಂಗೂ ಕೂತ್ಕಂಡೇ ಇದ್ದೆ, ಬಾ, ಸ್ಪ್ಯಾನರ್ ಹಿಡಿಲಿಕ್ಕೆ ಕಲ್ಸ್ತೆ" ಅಂದ. ಹಂಗೆ ಹೋದವ ನಾನು. ಅದೇ ನನ್ನ ಮೊದಲ ನೌಕ್ರಿ.

ಅಲ್ಲಿ ಎಂತ ಮಾಡ್ತಿದ್ರು ಕೇಳಿ. ಬೀಜ ಜಜ್ಜಿ ಒಂದು ದೊಡ್ಡ ಕಬ್ಬಿಣದ ಹಂಡೆಗೆ ತುಂಬೂದು. ಹಂಡೆ ಅಂದ್ರೆ ನಮ್ಮ ಬಚ್ಚಲ ಹಂಡೆ ಅಲ್ಲ, ಎರಡಾಳು ಎತ್ತರ, ಮೇಲೆ ಒಬ್ಬ ಇಳಿಯುವಷ್ಟು ಬಾಯಿ. ಅದಕ್ಕೆ ಸಾಲ್ವೆಂಟ್ ಅಂತ ಪೆಟ್ರೋಲ್‌ನಂಥ ದ್ರವ ಬಿಟ್ರೆ ಬೀಜದ ಎಣ್ಣೆ ಎಲ್ಲ ಅದ್ರಲ್ಲಿ ಕರಗಿ ಬರ್ತದೆ. ಆಮೇಲೆ ಪಂಪಿಂದ ಗಾಳಿ ಎಳ್ದು, ಉಗಿ ಕೊಟ್ಟು, ಸಾಲ್ವೆಂಟ್ ಹಾರ್ಸಿ, ತಣಿಸಿ, ತಿರುಗಿ ಟಾಕಿಗೆ ತುಂಬ್ಕಂಬೂದು. ಎಣ್ಣೆ ಉಳೀತದೆ. ಕೇಳ್ಳಿಕ್ಕೆ ಸುಲಭ. ಆದ್ರೆ ಗಾಳಿ ಎಳೀತಾ ಇರುವಾಗ ಎಲ್ಲಾದ್ರೂ ಸೂಜಿಮೊನೆಯಷ್ಟು ತೂತಿದ್ರೆ ಮುಗೀತು, ಗಾಳಿ ಎಷ್ಟು ಎಳೀತು ಅಂತ ತೋರ್ಸೂ ಗೇಜಿನ ಮುಳ್ಳು ಇಳೀತದೆ, ಕೆಲ್ಸ ನಿಲ್ತದೆ. ತೂತು ಎಲ್ಲಿ? ವಾಲ್ವಿನಲ್ಲಿ. ಎಲ್ಲಾ ಹಳೇ ವಾಲ್ವು, ಮುಂಬೈಯಲ್ಲಿ ಯಾವ್ದೋ ಮಿಲ್ಲು ಮುರ್ದಾಗ ತಂದದ್ದಂತೆ. ಮೇಲಿಂದ ನಮ್ಮ ಸಮುದ್ರದ ಉಪ್ಪುಗಾಳಿ ಬೇರೆ.

ಅದನ್ನ ಹುಡುಕೂದು ಹೆಂಗೆ ಗೊತ್ತಾ? ದೀಪ ಹಿಡಿದು ನೋಡೂ ಹಂಗಿಲ್ಲ, ಬೀಡಿ ಸೇದೂ ಹಂಗಿಲ್ಲ, ಒಂದು ಕಿಡಿ ಬಿದ್ರೆ ನಾವೂ ಇಲ್ಲ ಕಾರ್ಖಾನೆಯೂ ಇಲ್ಲ. ಬಾರ್ ಸೋಪು ಕದಡಿ, ನೊರೆ ಮಾಡಿ, ವಾಲ್ವಿನ ಕುತ್ತಿಗೆಗೆ ಬಳಿಯೂದು. ಸೋರ್ತಿದ್ರೆ ಅಲ್ಲಿ ನೊರೆ ಒಳಗೆ ಎಳ್ಕಂಡು ಹೋಗ್ತದೆ, ಒಂದು ಸಣ್ಣ ಕಣ್ಣು ಬಿಟ್ಟಂಗೆ. "ಸಿಕ್ತು ಭಾವಾ!" ಅಂತ ನಾನು ಕೂಗೂದು, ಅವ ಬಂದು ನಟ್ಟು ಬಿಚ್ಚಿ, ಹಳೇ ದಾರ ಕೆದರಿ ತೆಗ್ದು, ಗ್ರೀಸು ಹಚ್ಚಿದ ಹೊಸಾ ದಾರ ಸುತ್ತಿ ಬಿಗಿಯೂದು. ಮುಳ್ಳು ಏರ್ತದೆ. ಖುಷಿ ಪಡ್ಬೇಕು ಅನ್ನುವಷ್ಟರಲ್ಲಿ ಇನ್ನೊಂದು ಕಡೆ ಸುಯ್ ಅಂತದೆ. ಭಾವ ನಗಾಡ್ತಿದ್ದ, "ಹರ್ಕು ಬಲೆ ಮಾರಾಯ ಇದು, ಒಂದು ಕಣ್ಣು ಹೊಲಿದ್ರೆ ಹತ್ರದ ಕಣ್ಣು ಹರೀತದೆ" ಅಂತ. ಕಡೆಕಡೆಗೆ ಅವ ನಗೂದೂ ಬಿಟ್ಟ. ಮನೆಗೆ ಹೋದ್ರೆ ಅಕ್ಕ, "ಎರಡು ಸಲ ಮಿಂದ್ರೂ ಮೈ ವಾಸ್ನೆ ಹೋಗ್ತಿಲ್ಯಲ" ಅಂತಿದ್ಲು. ಊಟ ಸೇರ್ತಿರ್ಲಿಲ್ಲ ಅವಂಗೆ, ತಲೆನೋವು ಬೇರೆ.

ಹಂಗಿರುವಾಗ ಒಂದು ಸಲ ಎಂತಾ ಆತು, ಎಲ್ಲಾ ವಾಲ್ವಿಗೂ ನೊರೆ ಬಳಿದಾತು, ಎಲ್ಲೂ ಕಣ್ಣಿಲ್ಲ, ಆದ್ರೂ ಹಂಡೆಯ ಮುಳ್ಳು ಇಳೀತದೆ. ನಮ್ಮ ಫೋರಮನ್ ಭಟ್ಕಳದ ಇಸ್ಮಾಯಿಲ್ ಸಾಯ್ಬ್ರು, ಒಳ್ಳೇ ಮನುಷ್ಯ, ಹಡಗಿನ ಇಂಜಿನ್ನಿನಲ್ಲಿ ಕೆಲ್ಸ ಮಾಡಿ ಬಂದವ್ರು. ಅವ್ರು ಹೇಳಿದ್ರು, "ಹೊರಗೆ ಇಲ್ಲ ಅಂದ್ರೆ ಒಳಗೆ ಅದೆ. ಟಾಕಿಯಿಂದ ಬರೂ ಪೈಪು ಬಿಚ್ಚು." ಆ ಪೈಪಿನ ವಾಲ್ವು ಪೂರಾ ಮುಚ್ಚಿ, ಪೈಪು ಬಿಚ್ಚಿ ನೋಡಿದ್ರೆ, ತಟಕ್... ತಟಕ್... ಸಾಲ್ವೆಂಟ್ ಹನೀತಾ ಅದೆ! ಹಿಡಿ ತಿರುಗ್ಸಿ ಮುಚ್ಚಿದ್ದೇ, ಆದ್ರೆ ಒಳಗೆ ಮುಚ್ಚಲಿಲ್ಲ. ಆ ಹನಿ ಹಂಡೆಯೊಳಗೆ ಆವಿಯಾಗೇ ಮುಳ್ಳು ಇಳ್ಸ್ತಿತ್ತು. ವಾಲ್ವನ್ನೇ ಬಿಚ್ಚಿದ್ರೆ, ಒಳಗಿನ ಬಿಲ್ಲೆ ಕೂರೂ ಜಾಗದ ಹಿತ್ತಾಳೆ ಮೇಲೆ ಉಗುರಲ್ಲಿ ಗೀರಿದಂಗೆ ಗೀರು. ಭಾವ ಅದಕ್ಕೆ ಮಸೆಯೂ ಪೇಸ್ಟು ಹಚ್ಚಿ ತಿಕ್ಕಿ ತಿಕ್ಕಿ ನುಣ್ಣಗೆ ಮಾಡ್ದ. ಹನಿ ನಿಂತಿತು. ಸ್ವಲ್ಪ ಕಾಲಕ್ಕೆ ತಿರುಗಿ ಶುರು. ಮತ್ತೆ ತಿಕ್ಕಿದ. ಮತ್ತೆ ಶುರು. ತಿಕ್ಕಿ ತಿಕ್ಕಿ ಹಿತ್ತಾಳೆಯೇ ಸವೀತೇ ಹೊರತು ಬೇರೆಂತ ಇಲ್ಲ.

ಸಾಯ್ಬ್ರು ನಮ್ಮಿಬ್ಬರನ್ನೂ ಕರ್ಕಂಡು ಮ್ಯಾನೇಜರ್ ಹತ್ರ ಹೋದ್ರು. "ಸಾರ್, ಇದು ರಿಪೇರಿ ದಾಟಿದೆ. ಹೊಸಾದು ಬೇಕು." ಮ್ಯಾನೇಜರ್ ತಲೆ ಹಿಡ್ಕಂಡು, "ಮುಂಬೈಗೆ ಬರ್ದಾತು ಸಾಯ್ಬ್ರೇ. ಯುದ್ಧ ನಡೀತಾ ಅದೆ, ಹಿತ್ತಾಳೆ ಎಲ್ಲಿ ಸಿಗ್ತದೆ?" ಅಂದ್ರು. ಭಾವ ಹೇಳ್ದ, "ಹಂಗಾದ್ರೆ ಅದು ಬರೂವರೆಗೆ ಹಂಡೆ ನಿಲ್ಸ್ವ." ಅದಕ್ಕವ್ರು, "ನಿಲ್ಸಿದ್ರೆ ಬೀಜ ಒಡಿಯೂ ಹೆಂಗಸ್ರಿಗೆ ಎಂತ ಹೇಳ್ಲಿ? ಹೋಗಿ ಹೇಳು ನೀನೇ" ಅಂದ್ರು. ಹೊರಗೆ ಆ ಹೆಂಗಸ್ರು ಸಾಲಾಗಿ ಕೂತಿದ್ರು, ನಮ್ಮ ಮಾತು ಕೇಳಿತ್ತು ಅವ್ರಿಗೆ. ಒಬ್ಳು, "ಒಡ್ಯಾ, ನಿಲ್ಸ್ಬೇಡಿ, ಅಕ್ಕಿ ಸಿಗೂದೇ ಕಷ್ಟ ಆಗ್ಯದೆ" ಅಂತ ಭಾವನ ಮುಖ ನೋಡಿದ್ಲು. ಭಾವ ಸ್ಪ್ಯಾನರ್ ಎತ್ಕಂಡು ಹಂಡೆ ಬದಿಗೇ ನಡ್ದ. ಯಾರನ್ನ ಬಯ್ಯೂದು ಹೇಳಿ? ಮ್ಯಾನೇಜರ್ ಕೆಟ್ಟವ್ರಲ್ಲ. ಆ ಹೆಂಗಸ್ರೂ ಕೆಟ್ಟವ್ರಲ್ಲ.

ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ, ಊಟದ ಹೊತ್ತಿನ ಮುಂದೆ, ಹಂಡೆಯ ಅಡಿಗೆ ಹಿಂಡಿ ಗಟ್ಟಿ ಹಿಡ್ಕಂಡಿತ್ತು. ಒಬ್ರು ಇಳಿದು ಕೆತ್ತಿ ತೆಗೀಬೇಕು. ಉಗಿ ಬಿಟ್ಟು, ಗಾಳಿ ಆಡ್ಸಿ, ಟಾಕಿಯ ವಾಲ್ವು ಸಾಯ್ಬ್ರು ತಾವೇ ಮುಚ್ಚಿ, ಭಾವ ತಾನೂ ಒಂದ್ಸಲ ಬಿಗಿದು ನೋಡಿ, ಆಮೇಲೇ ಇಳ್ದದ್ದು. ನಾನು ಬಾಯಿ ಹತ್ರ ಕೂತು ಬುಟ್ಟಿ ಎಳೀತಿದ್ದೆ. ಕೆಳಗಿಂದ ಗುದ್ಲಿ ಸದ್ದು, ನಡುನಡುವೆ ಅವನ ಮಾತು. "ನಿನ್ನ ಅಕ್ಕ ಬಂಗಡೆ ಹುಳಿ ಕಟ್ಟಿದ್ಲು, ನಿಂಗೂ ಪಾಲದೆ" ಅಂದ. ಬುಟ್ಟಿ ಬಂತು. ಮತ್ತೊಂದು ಬಂತು. ಮತ್ತೆ ಸದ್ದೇ ಇಲ್ಲ. "ಭಾವಾ? ಓ ಭಾವಾ?" ಅಂದೆ. ಬಗ್ಗಿ ನೋಡಿದ್ರೆ ಮಂಡಿಗೆ ಮುಖ ಇಟ್ಟು ಕೂತಿದ್ದ, ನಿದ್ದೆ ಬಂದವ್ರ ಹಂಗೆ. ಆ ದರಿದ್ರ ವಾಲ್ವು ಹನಿ ಹನಿ ಬಿಡ್ತಾ ಇತ್ತು, ಆ ಆವಿ ಭಾರ ನೋಡಿ, ಅಡಿಯಲ್ಲೇ ನಿಂತಿತ್ತು. ನಾನು ಕಾಲು ಒಳಗೆ ಹಾಕಿಯೇ ಬಿಟ್ಟಿದ್ದೆ, ಸಾಯ್ಬ್ರು ಕುತ್ತಿಗೆಪಟ್ಟಿ ಹಿಡಿದು ಎಳ್ದ್ರು, "ನೀನೂ ಸಾಯ್ತೆ! ಹಗ್ಗ ಕಟ್ಕ!" ಸೊಂಟಕ್ಕೆ ಹಗ್ಗ ಬಿಗಿದು, ಉಸಿರು ಹಿಡ್ಕಂಡು ಇಳ್ದೆ. ಅವನ ಕಂಕುಳಿಗೆ ಇನ್ನೊಂದು ಹಗ್ಗ ಹಾಕಿದ್ದು ನೆನಪದೆ. ಆಮೇಲೆ ನೆನಪಿಲ್ಲ. ಕಣ್ಣು ಬಿಟ್ರೆ ನಾನು ಹೊರಗೆ ಮಳೆಯಲ್ಲಿ ಮಲಗಿದ್ದೆ, ಪಕ್ಕದಲ್ಲಿ ಸಾಯ್ಬ್ರು ಭಾವನ ಎದೆ ಒತ್ತಿ ಒತ್ತಿ ಅಳ್ತಿದ್ರು.

ಆಸ್ಪತ್ರೆಗೆ ಹೊಳೆ ದಾಟ್ಬೇಕು. ಲಾಂಚು ಆಚೆ ದಡದಲ್ಲಿ. ಹೊಳೆ ಕೆಂಪಾಗಿ ತುಂಬಿತ್ತು. ಕೂಗಿದ್ವಿ, ಬಟ್ಟೆ ಬೀಸಿದ್ವಿ. ಅದು ಬರೂವಷ್ಟು ಹೊತ್ತು ಅವನ ತಲೆ ನನ್ನ ತೊಡೆ ಮೇಲೆ, ಸಾಯ್ಬ್ರು ಎದೆ ಒತ್ತೂದು ಬಿಡ್ಲಿಲ್ಲ. ಉಸಿರು ಬಂತು ಮಕ್ಳೇ, ಅಲ್ಲೇ ಬಂತು. ಆದ್ರೆ ಭಾವ ಬರ್ಲಿಲ್ಲ. ಆಸ್ಪತ್ರೆಯಿಂದ ಮನೆಗೆ ತಂದ ಮೇಲೆ ಅಕ್ಕ ಎದುರು ನಿಂತು, "ನಾನು, ನಾನು" ಅಂದ್ರೆ ಗೋಡೆ ನೋಡ್ತಿದ್ದ. ಸ್ಪ್ಯಾನರ್ ತಿರುಗ್ಸ್ತಿದ್ದ ಕೈಗೆ ಅನ್ನದ ತುತ್ತು ಬಾಯಿಗೆ ಮುಟ್ಟಿಸ್ಲಿಕ್ಕೆ ಬರ್ಲಿಲ್ಲ. ಅಕ್ಕನೇ ಉಣಿಸ್ತಿದ್ಲು, ಸಣ್ಣ ಮಕ್ಕಳಿಗೆ ಉಣಿಸ್ದಂಗೆ, ಬೇಜಾರು ಮಾಡ್ದೆ. ಹಂಗೇ ಕೆಲವು ಮಳೆಗಾಲ ಕಳೀತು, ಒಂದಿನ ಬೆಳಿಗ್ಗೆ ಏಳ್ಲಿಲ್ಲ. ಕಾರ್ಖಾನೆ ಅದಕ್ಕೂ ಮೊದ್ಲೇ ಮುಚ್ಚಿತ್ತು. ಆ ಹೆಂಗಸ್ರು ಎಲ್ಲಿಗೆ ಹೋದ್ರೋ ಗೊತ್ತಿಲ್ಲ. ಸಾಯ್ಬ್ರು ಆಮೇಲೆ ಮುಟ್ಟಳ್ಳಿಗೆ ಬಂದಾಗೆಲ್ಲ ಜಗಲಿ ಹತ್ತದೆ ಅಂಗಳದಲ್ಲೇ ನಿಂತು ಹೋಗ್ತಿದ್ರು. ಅಕ್ಕ, "ಒಳಗೆ ಬನ್ನಿ ಅಣ್ಣ" ಅಂದ್ರೂ ಬರ್ತಿರ್ಲಿಲ್ಲ.

ಎಂತ ಹೇಳೂದು. ಕೈಲಿ ತಿರುಗ್ಸಿದ್ದೆಲ್ಲ ಮುಚ್ಚಿದ್ದಲ್ಲ, ಅಷ್ಟೇ. ಹೋಗು ತಂಗಿ, ಅಡ್ಗೆಮನೆ ಗ್ಯಾಸು ಸರಿ ಬಂದ್ ಆಗ್ಯದೋ ನೋಡ್ಕಂಡು ಬಾ. ಕಿಟಕಿ ತೆಗ್ದಿಡು.