ತುಕ್ಕು ಗುಂಡಗೆ ತಿನ್ನಲ್ಲ

ವರ್ಷತೊಡಕಿನ ದಿನ ಕಣೋ ಚಂದ್ರು, ನಾನು ಮೊದಲ ಸಲ ಮನೆ ಬಿಟ್ಟು ಹೋಗಿದ್ದು. ಯುಗಾದಿ ಮಾರನೇ ದಿನ, ಮಧ್ಯಾಹ್ನ. ಬೇಸಿಗೆ ರಜದಲ್ಲಲ್ಲ, ನಿನಗೆ ನೆನಪಿಲ್ಲ. ಏಳನೇ ಕ್ಲಾಸು ಇನ್ನೂ ಮುಗಿದಿರಲಿಲ್ಲ, ಪರೀಕ್ಷೆಗೆ ಎಂಟು ದಿನ ಇತ್ತು. ಮನೇಲಿ ಎಲ್ಲರೂ ಬಾಡೂಟ ಉಂಡು ನಡುಮನೇಲಿ ಉದ್ದಕ್ಕೆ ಬಿದ್ದುಕೊಂಡಿದ್ರು. ಅಪ್ಪ, ಅವ್ವ, ಬನ್ನೂರಿಂದ ಬಂದಿದ್ದ ಅತ್ತೆ, ಅತ್ತೆ ಮಕ್ಕಳು. ನಾನು ಚಪ್ಪಲೀನ ಕೈಲಿ ಹಿಡ್ಕೊಂಡು ಒಬ್ಬೊಬ್ಬರನ್ನೇ ದಾಟಿಕೊಂಡು ಬಂದೆ. ಬೀದಿ ತುದಿಗೆ ಬಂದಮೇಲೇ ಕಾಲಿಗೆ ಹಾಕ್ಕೊಂಡಿದ್ದು. ವರ್ಷತೊಡಕಿನ ದಿನ ಏನು ಮಾಡ್ತೀವೋ ವರ್ಷವೆಲ್ಲ ಅದನ್ನೇ ಮಾಡ್ತೀವಂತೆ, ಅವ್ವ ಹೇಳೋಳು. ನನಗೆ ಅದು ಒಂದು ವರ್ಷಕ್ಕೆ ನಿಲ್ಲಲಿಲ್ಲ, ಅಷ್ಟೇ. ಮೂವತ್ನಾಲ್ಕು ವರ್ಷ ಆಯ್ತು, ಇನ್ನೂ ತೊಡಕು ಮುಗಿದಿಲ್ಲ.

ನಗು, ನಗು. ಜೀಪಿನ ಅಡಿ ಮಲಗಿದ್ರೂ ನಿನ್ನ ಹೊಟ್ಟೆ ಕುಣಿಯೋದು ಕಾಣುತ್ತೆ.

ನೀನು ಕೇಳಿದ್ದು ಅದಲ್ಲ, ಗೊತ್ತು. ಈ ಸಲ ಮಾತ್ರ ಸೈಲೆನ್ಸರ್ ಯಾಕೆ ಪಿಟ್ ಅನ್ನಬಾರದು ಅಂತ ಕೇಳಿದೆ. ಅದನ್ನೇ ಹೇಳ್ತಿದೀನಲ್ಲ. ಅರುಣಾಚಲ ಅಂದ್ರೆ ಇಲ್ಲೇ ಕೆಆರ್‌ಎಸ್ ಅನ್ಕೊಂಡ್ಯಾ? ಅದರಲ್ಲೂ ತವಾಂಗ್, ಚೀನಾ ಗಡಿ ಹತ್ರ. ಹೋಗೋದೇ ಮೂರು ಸಾವಿರದ ಮೇಲೆ ಕಿಲೋಮೀಟರು. ಅಷ್ಟು ದೂರ ಈ ಪಟಪಟ ಪಟಪಟ ಕೇಳ್ಕೊಂಡು ಹೋದ್ರೆ ಕಿವಿ ಉಳಿಯುತ್ತಾ? ಆಮೇಲೆ ಹೊಗೆ. ಪೈಪ್ ಲೀಕಾಗಿ ಹೊಗೆ ಒಳಕ್ಕೆ ಬರುತ್ತೆ, ಘಾಟಿ ಹತ್ತೋವಾಗ ತಲೆ ಸುತ್ತುತ್ತೆ. ಆಮೇಲೆ ಪೊಲೀಸ್ನೋರು. ಬೇರೆ ರಾಜ್ಯದ ಪೊಲೀಸ್ನೋರಿಗೆ ಮೈಸೂರು ನಂಬರ್ ಪ್ಲೇಟೂ ಜೋರು ಸದ್ದೂ ಒಟ್ಟಿಗೆ ಸಿಕ್ಕಿದ್ರೆ ಹಬ್ಬ.

ನಾನೊಬ್ಬನೇ ಆಗಿದ್ರೆ ಹೆಂಗೋ ಹೋಗ್ಬುಡ್ತಿದ್ದೆ. ಈ ಸಲ ನಯನಾನೂ ಬರ್ತಿದಾಳಲ್ಲ. ಭಾನುವಾರ ಬೆಳಿಗ್ಗೆ, ಬೆಟ್ಟದ ಕಡೆ ತಿರುಗಿ ಕೈ ಮುಗಿದು, ಅಪ್ಪ ಮಗಳು ಇಬ್ರೂ ಹೊರಡೋದು. ನನಗಿಂತ ಅವಳದೇ ತಯಾರಿ ಜಾಸ್ತಿ. ಟೈರ್ ಬದಲಾಯಿಸೋದು ನಿನ್ನ ಹತ್ರ ಕಲಿತಳು. ಫೋರ್ ವೀಲ್ ಯಾವಾಗ ಹಾಕಬೇಕು, ಯಾವಾಗ ತೆಗೀಬೇಕು, ಅದನ್ನೂ ನಿನ್ನ ಹತ್ರಾನೇ. ಫ್ಯಾಕ್ಟರೀಲಿ ಒಂದು ತಿಂಗಳು ರಜ ಹಾಕಿದಾಳೆ. ಹೊಸ ಕೆಲಸ, ಸೂಪರ್‌ವೈಸರ್ ಮುಖ ಗಂಟಿಕ್ಕಿದ್ರೂ ಹಾಕಿದಾಳೆ. ನನ್ನ ಹೆಂಡತಿ ಏನಂದ್ಲು ಗೊತ್ತಾ? ‘ಇಪ್ಪತ್ತೆರಡು ವರ್ಷದಲ್ಲಿ ನಾನಂತೂ ನಿಮ್ಮ ಜೊತೆ ಶ್ರೀರಂಗಪಟ್ಟಣ ದಾಟಲಿಲ್ಲ, ಮಗಳಾದ್ರೂ ದಾಟಲಿ ಬಿಡಿ.’ ಸುಚಿತ್ರಾಳ ಬಾಯಿ ನಿನಗೆ ಗೊತ್ತಲ್ಲ, ಹರಸಿದ್ರೂ ಬೈದಂಗಿರುತ್ತೆ.

ಬೋಲ್ಟ್ ಬರ್ತಿಲ್ವಾ? ಡೀಸೆಲ್ ಸುರಿದು ಎರಡು ನಿಮಿಷ ಬಿಡು. ಸುತ್ತಿಗೇಲಿ ಹೊಡೀಬೇಡ, ತುಂಡಾದ್ರೆ ಮತ್ತೆ ಅದಕ್ಕೊಂದು ದಿನ... ಆಂ, ಬಂತು. ಕೊಡು ಈ ಕಡೆ. ನೀನು ನಿಧಾನಕ್ಕೆ ಹೊರಗೆ ಬಾ. ಬಿಸಿಲಿಗೆ ಹಿಡಿದು ನೋಡಣ. ಇಲ್ಲಿ ತುಕ್ಕು. ಇಲ್ಲೂ ತುಕ್ಕು, ಹಪ್ಪಳದ ಥರ ಉದುರ್ತಿದೆ. ಇಲ್ಲಿ...

ಇದೇನೋ ಇದು?

ಇಲ್ಲಿ ನೋಡು, ಪೈಪಿನ ಮೇಲ್ಮಗ್ಗುಲಲ್ಲಿ. ಕಿರುಬೆರಳ ತುದಿ ತೂರುತ್ತೆ. ತುಕ್ಕು ಹಿಡಿದು ತೂತಾಗಿದೆ ಅಂತಲ್ವಾ ನೀನು ಆವತ್ತಿಂದ ಹೇಳ್ತಿರೋದು? ನಾನು ಏಳನೇ ಕ್ಲಾಸಿಗೇ ಪುಸ್ತಕ ಎಸೆದೋನು, ಒಪ್ಕೋತೀನಿ. ಆದ್ರೆ ಹತ್ತೂರ ಗ್ಯಾರೇಜಲ್ಲಿ ಕೈ ಕಪ್ಪು ಮಾಡ್ಕೊಂಡೋನು. ತುಕ್ಕು ಗುಂಡಗೆ ತಿನ್ನಲ್ಲ ಚಂದ್ರು. ತುಕ್ಕು ಇಲಿ ಇದ್ದಂಗೆ, ಅಂಚೆಲ್ಲ ಹರ್ಕೊಂಡು ತಿನ್ನುತ್ತೆ. ಇದು ಡ್ರಿಲ್. ಹತ್ತು ಎಂಎಂ. ಅಂಚು ನೋಡು, ಬಳೆ ಇದ್ದಂಗಿದೆ. ಅದೂ ಕೆಳಗಿಂದ ಬಗ್ಗಿ ನೋಡಿದ್ರೆ ಕಾಣದ ಹಾಗೆ ಮೇಲೆ ಕೊರೆದಿದೀಯ.

ಯಾಕೆ, ಮುಖ ಆ ಕಡೆ ತಿರುಗಿಸ್ಕೊಂಡೆ? ಹನ್ನೆರಡು ವರ್ಷದಲ್ಲಿ ಈ ಜೀಪಿನ ಕೆಳಗೆ ನೀನು ಬಿಟ್ಟು ಇನ್ಯಾರು ಮಲಗಿದಾರೆ?

ತಾಳು. ಈ ಪಟಪಟ ಶುರುವಾಗಿದ್ದು ಯಾವಾಗ... ಆಯುಧಪೂಜೆ. ಹೌದು, ಆಯುಧಪೂಜೆ. ‘ಗಾಡಿ ತೊಳೆಸಿ, ಪೂಜೆ ಮಾಡಿಸ್ಕೊಂಡು ಬರ್ತೀನಿ’ ಅಂತ ಇಲ್ಲಿಗೆ ತಂದಿದ್ದು ನಯನಾ. ಹೋಗೋವಾಗ ಸುಮ್ಮನೆ ಹೋದ ಗಾಡಿ, ಚೆಂಡುಹೂವಿನ ಹಾರ ಹಾಕ್ಕೊಂಡು ಪಟಪಟ ಅಂತ ಬಂತು. ‘ಏನಮ್ಮ ಇದು’ ಅಂದೆ. ‘ತುಕ್ಕಂತೆ ಅಪ್ಪ. ಸದ್ಯಕ್ಕೇನೂ ತೊಂದರೆ ಇಲ್ವಂತೆ, ಚಂದ್ರು ಮಾಮ ಹೇಳಿದ್ರು’ ಅಂದ್ಲು. ನನ್ನ ಕಣ್ಣಲ್ಲಿ ಕಣ್ಣಿಟ್ಟು ಅಂದ್ಲು.

ಅವಳೇ ಹೇಳಿ ಕೊರೆಸಿದ್ಲಾ? ಬಾಯಿ ಬಿಡೋಕೆ ಆಗದಿದ್ರೆ ತಲೆ ಆಡಿಸು, ಸಾಕು.

ಆಡಿಸ್ಬುಟ್ಟೆಯಲ್ಲೋ.

ಆಯುಧಪೂಜೆಯಿಂದ ಈಚೆಗೆ ನಾನು ಮೂರು ಸಲ ಹೊರಟೆ. ಒಂದು ಸಲ ಹಂಪಿ ಕಡೆ, ಒಂದು ಸಲ ಕೊಲ್ಲಾಪುರ, ಇನ್ನೊಂದು ಸಲ ಸುಮ್ನೆ. ಮೂರು ಸಲವೂ ಗಾಡಿ ಬೀದಿ ತಿರುಗೋದ್ರೊಳಗೆ ಗೇಟಿನ ಹತ್ರ ಬಂದು ನಿಂತಿರ್ತಿದ್ಲು. ನಿದ್ದೆಗಣ್ಣು, ಕೆದರಿದ ಕೂದಲು, ಕಾಲಲ್ಲಿ ಅವಳಮ್ಮನ ಚಪ್ಪಲಿ. ‘ಯಾವಾಗ ಬರ್ತೀಯ ಅಪ್ಪ?’ ಅಷ್ಟೇ ಕೇಳೋಳು. ನಾನು ಏನಂದ್ಕೊಂಡಿದ್ದೆ ಗೊತ್ತಾ? ಕರುಳು ಅಂದ್ಕೊಂಡಿದ್ದೆ. ‘ನಾನು ಹೊರಟ್ರೆ ನನ್ನ ಮಗಳಿಗೆ ನಿದ್ದೇಲೂ ಗೊತ್ತಾಗುತ್ತೆ’ ಅಂತ ಊರೂರ ಡಾಬಾದೋರಿಗೆಲ್ಲ ಹೇಳ್ಕೊಂಡು ತಿರುಗಿದೆ. ಒಬ್ಬ ಸರ್ದಾರ್ಜಿ ಕಣ್ಣಲ್ಲಿ ನೀರು ಹಾಕ್ಕೊಂಡ. ಈಗ ನೋಡಿದ್ರೆ ಕರುಳೂ ಅಲ್ಲ, ಏನೂ ಅಲ್ಲ, ಹತ್ತು ಎಂಎಂ ಡ್ರಿಲ್ಲು. ತುಡುಗು ದನಕ್ಕೆ ಕೊರಳಿಗೆ ಗಂಟೆ ಕಟ್ತಾರಲ್ಲ, ಹಂಗೆ ಕಟ್ಟಿದೀರಿ ನನಗೆ, ನೀನೂ ಅವಳೂ ಸೇರ್ಕೊಂಡು.

ಅವಳಾದ್ರೂ ಮಗು. ನೀನು? ಒಂದೇ ಬೆಂಚಲ್ಲಿ ಕೂತೋನು ನೀನು. ಆವತ್ತು ನಾನು ಹೋದಮೇಲೆ ‘ಎಲ್ಲಿ ಹೋದ ಹೇಳು’ ಅಂತ ಮೇಷ್ಟ್ರು ಬಾರಿಸಿದ್ರೂ ಬಾಯಿ ಬಿಡದೇ ಇದ್ದೋನು. ಅಂಥೋನು ನನ್ನ ಗಾಡಿಗೇ ಡ್ರಿಲ್ ಇಟ್ಯಲ್ಲ. ಅವಳ ಡಿಪ್ಲೊಮಾ ರಿಸಲ್ಟ್ ಬಂದ ದಿನ ನಾನಿರಲಿಲ್ಲ, ನಿಜ. ಸ್ವೀಟ್ ತರ್ತೀನಿ ಅಂತ ಹೊರಟೋನು ಹದಿನೇಳು ದಿನ ಬಿಟ್ಟು ಬಂದೆ, ಅದೂ ನಿಜ. ಸ್ವೀಟ್ ತಂದೆ ತಾನೆ? ಅಷ್ಟಕ್ಕೆ ತೂತು ಹೊಡೆಯೋದಾ?

ಮುಚ್ಚು ಅದನ್ನ. ಗ್ಯಾಸ್ ಹಚ್ಚು, ಈಗಲೇ ಬೆಸುಗೆ ಹಾಕು. ಹಾಂ, ಹಂಗೆ.

ಮತ್ತೆ ಏನು ನೋಡ್ತಿದೀಯ? ಕೆಲಸ ಇಲ್ಲಿದೆ, ಆ ಕಡೆ ಸಾಮಾನಿನ ರಾಶಿ ಯಾಕೆ ನೋಡ್ತೀಯ? ಹಿಂದಿನ ಸೀಟು ಎತ್ತಬೇಕು ಅಂತ ನೀನೇ ಇಳಿಸಿಟ್ಟಿದ್ದಲ್ವಾ. ಸ್ಟವ್ವು, ಡೀಸೆಲ್ ಕ್ಯಾನು, ಕಂಬಳಿ, ಚಾಪೆ, ಲೋಟ, ತಟ್ಟೆ.

ಹೌದು, ಒಂದೇ ಚಾಪೆ. ಅವಳದು ಮನೇಲಿದೆ.

ತಟ್ಟೇನಾ? ತಟ್ಟೆ ಒಂದೇ ಸಾಕು ಕಣೋ. ಎರಡಿದ್ರೆ ಒಂದರ ಮೇಲೊಂದು ಕೂತು ದಾರಿ ಉದ್ದಕ್ಕೂ ಕಡಕಡ ಅಂತಿರುತ್ತೆ. ಒಂದೇ ಇದ್ರೆ ಸದ್ದೇ ಇರಲ್ಲ. ದಾರಿ ತುಳಿದೋರಿಗೆ ಇದೆಲ್ಲ ಗೊತ್ತಿರುತ್ತೆ. ನಿನಗೇನು ಗೊತ್ತು, ಮೇಟಗಳ್ಳಿ ಬಿಟ್ಟು ಕದಲದೇ ಇರೋನಿಗೆ. ಅವಳು ಲೋಟ, ತಟ್ಟೆ ಎಲ್ಲ ತರ್ತಾಳೆ. ಭಾನುವಾರ ಹೊರಡೋವಾಗ...

ಮಾತಾಡೋ. ಬೈಯೋದಾದ್ರೂ ಬೈಯಿ. ಅದ್ಯಾಕೆ ಆ ಒಂದು ತಟ್ಟೇನೇ ನೋಡ್ಕೊಂಡು ನಿಂತಿದೀಯ?

ಅವಳಿಗೆ ಹೇಳಿರೋದು ಭಾನುವಾರ ಅಂತಾನೇ.

ನಾಳೆ. ಸರಿನಾ? ಗುರುವಾರ ಮಧ್ಯಾಹ್ನ. ಫಸ್ಟ್ ಶಿಫ್ಟ್ ಮುಗಿಸಿ ಮೂರಕ್ಕೆ ಬರ್ತಾಳೆ, ಉಂಡು ಮಲಗಿದ್ರೆ ಐದರವರೆಗೂ ಏಳಲ್ಲ. ಸುಚಿತ್ರಾ ಮೂರರವರೆಗೂ ಮನೇಲೇ ಇರ್ತಾಳೆ, ಆಮೇಲೆ ಹೊಲಿಗೆ ಹೇಳಿಕೊಡೋಕೆ ರಾಮಕೃಷ್ಣನಗರಕ್ಕೆ ಹೋಗ್ತಾಳೆ. ಗಾಡಿ ಒಂದು ಸದ್ದಿಲ್ಲದೆ ಸ್ಟಾರ್ಟ್ ಆಗ್ಬುಟ್ರೆ... ಹಂಗೆ ನೋಡಬೇಡ. ಆ ಚಪ್ಪಲಿ ಕೈಲಿ ಹಿಡ್ಕೊಂಡ ಕಥೆ ನಾನು ಯಾಕಾದ್ರೂ ಹೇಳಿದ್ನೋ.

ಯಾಕೆ ಅಂತ ಕೇಳಲ್ವಾ? ಕೇಳದಿದ್ರೂ ಹೇಳ್ತೀನಿ. ಅವಳೊಂದು ನೋಟ್‌ಬುಕ್ ಮಾಡಿದಾಳೆ. ಯಾವತ್ತು ಯಾವ ಊರು, ಎಲ್ಲಿ ಊಟ, ಎಲ್ಲಿ ಮಲಗೋದು, ಎಲ್ಲ. ಅದನ್ನೂ ಸಹಿಸ್ಕೊಂಡೆ. ಕೊನೇ ಪುಟದಲ್ಲಿ ಕೆಂಪು ಇಂಕಲ್ಲಿ ಮುದ್ದಾಗಿ ಬರೆದಿದಾಳೆ: ‘ಮೇ ಹನ್ನೆರಡು, ಮಂಗಳವಾರ, ಮನೆ.’ ಅದರ ಕೆಳಗೆ ಎರಡು ಗೆರೆ. ಮೂವತ್ನಾಲ್ಕು ವರ್ಷದಲ್ಲಿ ನಾನು ಒಂದು ಸಲವೂ ವಾಪಸ್ ಬರೋ ದಿನ ಇಟ್ಕೊಂಡು ಹೊರಟೋನಲ್ಲ. ಬಂದಿದೀನಿ, ಬರಲಿಲ್ಲ ಅಂತಲ್ಲ. ಆದ್ರೆ ಬರೋ ದಿನ ಗೊತ್ತಿದ್ರೆ ಅದು ಹೋಗೋದೇ ಅಲ್ಲ ಕಣೋ. ಅವಳಿಗೆ ಹೇಳ್ಬುಡೋಣ ಅಂತ ಎದುರಿಗೆ ಹೋಗಿ ಕೂತೆ. ಕೂತು, ‘ಅಕ್ಷರ ಚೆನ್ನಾಗಿದೆ ಕಣಮ್ಮ’ ಅಂದು ಎದ್ದು ಬಂದೆ.

ಮೋಸ ಮಾಡಿದೋರು ನೀವು. ಗುಟ್ಟಾಗಿ ತೂತು ಕೊರೆದೋರು ನೀವು. ನಾನೇನು ಮಾಡಿದೆ? ನಾನು ಇನ್ನೂ ಹೋಗೇ ಇಲ್ಲವಲ್ಲ.

ಗ್ಯಾಸ್ ಯಾಕೆ ಆಫ್ ಮಾಡಿದೆ?

ಚಂದ್ರು. ಪೈಪನ್ನ ಹಂಗೇ ವಾಪಸ್ ಕಟ್ತಿದೀಯ, ತೂತು ಹಂಗೇ ಇದೆ. ಮುಚ್ಚಲ್ವಾ? ಮುಚ್ಚೋದೇ ಇಲ್ವಾ? ಸರಿ, ಕಟ್ಟು. ಬಿಗಿಯಾಗಿ ಕಟ್ಟು. ನಾಳೆ ತನಕ ಯಾಕೆ, ಈಗಲೇ ಹೋಗ್ತೀನಿ, ಇಲ್ಲಿಂದಲೇ. ಗಂಟೆ ಮೂರೂವರೆ, ಅವಳು ಮಲಗಿರ್ತಾಳೆ. ರಿಂಗ್ ರೋಡ್ ಹಿಡಿದ್ರೆ ಕುಂಬಾರಕೊಪ್ಪಲು ಮನೆ ಕಡೆ ತಲೆ ಹಾಕೋದೇ ಬೇಡ. ಬೆಸುಗೆನೂ ಬೇಡ, ನೀನೂ ಬೇಡ.

ಸರಿ ಆ ಕಡೆ. ಸ್ಟವ್ ಮೊದಲು, ಅದರ ಪಕ್ಕ ಕ್ಯಾನು. ಕಂಬಳಿ. ಚಾಪೆ. ನಾನೇ ತುಂಬ್ಕೋತೀನಿ, ನೀನು ಏನೂ ಮುಟ್ಟಬೇಡ.

ಅದೇನು ಒಳಗಿಂದ ತಂದೆ? ನಿನ್ನ ಊಟದ ತಟ್ಟೆ ನನಗ್ಯಾಕೋ? ಹೇಳಿದ್ನಲ್ಲ, ಎರಡಾದ್ರೆ ಸದ್ದು... ತಡಿ. ಹಿಂದೆ ಏನೋ ಹೆಸರು ಕೊರೆಸಿದೆ. ಕನ್ನಡಕ ಎಲ್ಲಿ... ‘ನಯನಾ ನಾಮಕರಣದ ನೆನಪಿಗೆ.’

ಊಟಕ್ಕೆ ಬಂದೋರಿಗೆಲ್ಲ ಕೊಟ್ರಂತೆ, ಸುಚಿತ್ರಾ ಹೇಳಿದ್ದು ನೆನಪಿದೆ. ನಮ್ಮನೇಲಿ ಒಂದೂ ಉಳಿದಿಲ್ಲ. ನಾನು ನೋಡ್ತಿರೋದು ಇದೇ ಮೊದಲು. ಆವತ್ತು ನಾನು ದೂರದ ಕಾಂಡ್ಲಾ ಬಂದರಲ್ಲಿದ್ದೆ, ಲಾರೀಲಿ. ಮಗು ಹೆಸರು ನನಗೆ ಗೊತ್ತಾಗಿದ್ದೇ ಒಂದೂವರೆ ತಿಂಗಳು ಬಿಟ್ಟು, ಎಸ್‌ಟಿಡಿ ಬೂತಲ್ಲಿ. ಇಷ್ಟು ವರ್ಷ ನೀನು ಇದರಲ್ಲೇ ಉಂಡ್ಯಾ? ನಡು ಎಲ್ಲ ಸವೆದೋಗಿದೆ.

ತೆಗಿ, ಬೇಡ.

...ಎಲ್ಲಿಗೆ ಎತ್ಕೊಂಡು ಹೋಗ್ತೀಯ? ಕೊಡು ಇಲ್ಲಿ. ನಾನೇ ಇಡ್ತೀನಿ.

ಸ್ಟಾರ್ಟ್ ಮಾಡ್ತೀನಿ, ಹಿಂದಕ್ಕೆ ಸರಿ. ಆಹಾ, ಏನು ಪಟಪಟ. ಇಲ್ಲಿಂದ ಅವಳಿಗೆ ಕೇಳಿಸಲ್ಲ ಅಲ್ವಾ? ನಮ್ಮ ಬೀದಿ ತುದಿಗೆ ಹೋದ್ರೆ ಮಾತ್ರ ಕೇಳಿಸುತ್ತೆ. ಕೈ ತೋರಿಸಬೇಡ, ಆ ಕಡೆ ಹೋದ್ರೆ ಮನೆ, ಈ ಕಡೆ ಹೋದ್ರೆ ರಿಂಗ್ ರೋಡು, ದಾರಿ ನನಗೆ ಗೊತ್ತಿದೆ.

ಕೇಳಿಸ್ಕೊ. ಗಾಡಿ ಇನ್ನೂ ಜಾಗ ಬಿಟ್ಟು ಕದಲಿಲ್ಲ, ಆಗಲೇ ಹಿಂದೆ ಎರಡೂ ತಟ್ಟೆ ಕಡಕಡ ಅಂತಿವೆ.