ರಾಜ ನೆಗೆದದ್ದು

ರಾಬರ್ಟ್‌ಸನ್‌ಪೇಟೆ ಬಸ್ ನಿಲ್ದಾಣದಲ್ಲಿ ಅರುಣಕುಮಾರಿ ಕುಳಿತಿದ್ದ ಬೆಂಚಿನಲ್ಲೇ ಒಬ್ಬ ಮುದುಕರೂ ಅವರ ಮೊಮ್ಮಗಳೂ ಬಂಗಾರಪೇಟೆ ಬಸ್ಸಿಗೆ ಕಾಯುತ್ತಿದ್ದರು. ಹುಡುಗಿಯ ಕೊರಳಲ್ಲಿ ಚೆಸ್ ಪಂದ್ಯದ ಗುರುತಿನ ಚೀಟಿ ಇತ್ತು, ಹೆಸರು ಕಲಾ.

"ಅಷ್ಟು ದೊಡ್ಡ ಆಟಗಾರನ್ನ ಸಮಕ್ಕೆ ತಂದು ನಿಲ್ಲಿಸಿದ್ದೆ ಅಂತೀಯ. ಆಮೇಲೆ ಎಂಗಮ್ಮ ಸೋತೆ?"

"ರಾಜನ್ನ ಕುದ್ರೆ ತರ ನೆಗೆಸ್ದೆ ತಾತ."

"ಒಂದೇ ಸಲ ತಾನೆ?"

"ಒಂದೇ ಸಲ. ಅವನು ನಕ್ಕು, ಕೈ ಎತ್ತಿ ಪಂದ್ಯ ನಡೆಸೋ ಸಾರ್‌ನ ಕರೆದ. ರಾಜ ಅಂಗೆಲ್ಲ ನೆಗೆಯೋ ಅಂಗಿಲ್ವಂತೆ."

"ಯಾರಂದಿದ್ದು? ಚೆಕ್ ಬೀಳೋಕೆ ಮುಂಚೆ ಒಂದು ಸಲ ನೆಗೀಬೋದು. ನಂದಿದುರ್ಗ ಗಣಿಯ ಲೈನ್ ಮನೆಗಳಲ್ಲಿ ನಮ್ಮಪ್ಪನ ಕಾಲದಿಂದ ಅಂಗೇ ಆಡೋದು."

"ಪಂದ್ಯದಲ್ಲಿ ಯಾರೂ ಅಂಗೆ ಆಡಲ್ಲ. ರಾಜನ್ನ ಮುಟ್ಟಿದ್ದೀಯ, ರಾಜನ್ನೇ ಒಂದು ಮನೆ ನಡೆಸು ಅಂದ್ರು. ನಡೆಸ್ದೆ. ಮಂತ್ರಿ ಓಯ್ತು."

ಆಂಡರ್ಸನ್‌ಪೇಟೆಯ ತನ್ನ ತವರಿನಲ್ಲೂ ರಾಜ ಒಂದು ಸಲ ನೆಗೆಯುತ್ತಿದ್ದುದು ಅರುಣಕುಮಾರಿಗೆ ನೆನಪಾಯಿತು.

"ನಾಳೆ ಎರಡೂ ಆಟ ಗೆದ್ರೆ ಜಿಲ್ಲೆ ಟೀಮಿಗೆ ತಕೊಂತಾರಾ?" ಮುದುಕರು ಕೇಳಿದರು.

"ಗೆದ್ರೆ ತಕೊಂತಾರೆ. ತಾತ, ನೀನು ಏಳ್ಕೊಟ್ಟಿದ್ರಲ್ಲಿ ಇನ್ನೇನೇನು ತಪ್ಪು?"

"ನಂಗೇನಮ್ಮ ಗೊತ್ತು? ಸಿಪಾಯಿ ಆನೆ ಸಾಲಲ್ಲಿ ಕೊನೆ ಮನೆ ಮುಟ್ಟಿದ್ರೆ ಆನೆ ಆಗ್ತದೆ, ಕುದ್ರೆ ಸಾಲಲ್ಲಿ ಕುದ್ರೆ. ಅಲ್ಲಿ ಏನಾಗ್ತದೆ?"

ಬಸ್ಸು ಬಂತು. ಇಬ್ಬರೂ ಎದ್ದರು.

"ಗೊತ್ತಿಲ್ಲ ತಾತ," ಎಂದಳು ಕಲಾ, ಮೆಟ್ಟಿಲ ಮೇಲೆ ಕಾಲಿಡುತ್ತ. "ನನ್ನ ಸಿಪಾಯಿ ಒಂದೂ ಅಷ್ಟು ದೂರ ಓಗಲೇ ಇಲ್ಲ."